ಒಂದೇ ಸೀಟಿನ ಕಾರು

ಜನವರಿ ೯

ಸ್ಪ್ಯಾನರ್ ಮಹಾಶಯರಿಗೆ ಅಕ್ಕನ ಆಶೀರ್ವಾದ.

ಕುಶಲ ಕೇಳುವುದನ್ನು ಕೊನೆಗಿಟ್ಟುಕೊಳ್ಳುತ್ತೇನೆ. ಮೊದಲು ಕೆಲಸದ ಮಾತು: ಕಾರು ಸಿಕ್ಕಿದೆ!

ಕೆಂಪು ಬಣ್ಣದ ಸಣ್ಣ ಹ್ಯಾಚ್‌ಬ್ಯಾಕ್. ಇಟ್ಟುಕೊಂಡಿದ್ದವಳು ಒಬ್ಬ ದಂತವೈದ್ಯೆ, ಕ್ಲಿನಿಕ್ಕು ಮತ್ತು ಮನೆ ಬಿಟ್ಟರೆ ಬೇರೆಲ್ಲೂ ಓಡಿಸಿಲ್ಲವಂತೆ. ಗಾಡಿ ಹಗುರ, ಐದು ಗೇರು, ಕ್ಲಚ್ಚು ಬೆಣ್ಣೆಯ ಹಾಗಿದೆ. ಹೋದ ರಜೆಯಲ್ಲಿ ನಾವಿಬ್ಬರೂ ರೇಸ್ ಟ್ರ್ಯಾಕಿನ ಬೇಲಿಗೆ ಮೂಗು ಒತ್ತಿಕೊಂಡು ನಿಂತಿದ್ದು ನೆನಪಿದೆ ತಾನೆ? ಬ್ಯಾಂಕಿನವಳು, ಪುಸ್ತಕದಂಗಡಿಯವನು, ಎಲ್ಲ ನಮ್ಮಂಥವರೇ, ಮನೆಯ ಕಾರು ತಂದು ಸುತ್ತು ಹೊಡೆಯುತ್ತಿದ್ದರು. ಅಂದು ಮಾತಾಡಿಕೊಂಡ ಹಾಗೆಯೇ ಆಗಲಿ. ಇಬ್ಬರಿಗೂ ಸೇರಿ ಒಂದು ಕಾರು. ವಾರವೆಲ್ಲ ನಾನು ಕಚೇರಿಗೆ ಒಯ್ಯಬೇಕು, ನಮ್ಮಂಥವರಿಗೆ ಟ್ರ್ಯಾಕು ಬಿಟ್ಟುಕೊಡುವ ಟ್ರ್ಯಾಕ್ ಡೇ ಬಂದರೆ ಅದರಲ್ಲೇ ಹೋಗಿ ಇಬ್ಬರೂ ಸರದಿಯಲ್ಲಿ ಓಡಿಸಬೇಕು, ಸಂಜೆ ಅದರಲ್ಲೇ ಮನೆಗೆ ಬರಬೇಕು. ನಂಬರ್ ಪ್ಲೇಟು, ವಿಮೆ, ಫಿಟ್‌ನೆಸ್ ಇಲ್ಲದ ಗಾಡಿಯನ್ನು ಅವರು ಗೇಟಿನೊಳಗೇ ಬಿಡುವುದಿಲ್ಲ. ಆ ನಿಯಮ ನೋಡಿಯೇ ನನಗೆ ಆ ಜಾಗದ ಮೇಲೆ ಗೌರವ ಬಂದದ್ದು.

ನನ್ನ ಪಾಡು ನಿನಗೆ ಗೊತ್ತೇ ಇದೆ. ಲೈಸೆನ್ಸ್ ಪರೀಕ್ಷಕಿ ಅಂತ ದೊಡ್ಡ ಹೆಸರು. ಮಾಡುವುದೇನು? ದಿನವಿಡೀ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಬೇರೆಯವರು ಆಮೆಯ ಹಾಗೆ ಓಡಿಸುವುದನ್ನು ನೋಡುವುದು. ಇಪ್ಪತ್ತು ವರ್ಷ ನೋಡಿದ್ದೇನೆ, ಸಾಕಾಗಿದೆ. ಆಗಸ್ಟಿನಲ್ಲಿ ನಿನಗೆ ಹಡಗಿನ ಇಂಜಿನ್ ರೂಮಿನಿಂದ ರಜೆ, ಆಗಸ್ಟಿನಲ್ಲೇ ಹೊಸಬರ ಟ್ರ್ಯಾಕ್ ಡೇ. ನಿನ್ನ ಭಾವನದು ಒಂದೇ ಪ್ರಶ್ನೆ, "ಡಿಕ್ಕಿಯಲ್ಲಿ ಸಾಮಾನು ಹಿಡಿಸುತ್ತಾ?"

ಫೋನಿನಲ್ಲಿ ಕೇಳೋಣವೆಂದರೆ ಇತ್ತೀಚೆಗೆ ನೀನು ಎರಡು ಮಾತಿಗೆ "ಲೈನು ಸರಿಯಿಲ್ಲ ಕಣೇ" ಅಂತ ಇಟ್ಟುಬಿಡುತ್ತೀಯ. ಕಾಗದದ ಲೈನು ಕಟ್ಟಾಗುವುದಿಲ್ಲ. ಬೇಗ ಬರೆ. ಮತ್ತೆ, ಹೇಗಿದ್ದೀಯ?

ಅಕ್ಕ


ಜನವರಿ ೨೪

ಇನ್‌ಸ್ಪೆಕ್ಟರಮ್ಮನವರ ಸನ್ನಿಧಾನಕ್ಕೆ,

ಕೆಂಪು ಕಾರು ಬೇಡ.

ದಂತವೈದ್ಯೆಯ ಕಾರು ಅಂದರೆ ಚಿಕ್ಕ ಚಿಕ್ಕ ದೂರ, ಇಂಜಿನ್ ಬಿಸಿಯಾಗುವ ಮೊದಲೇ ಆಫ್. ಒಳಗೆ ಮಸಿ ಕಟ್ಟಿರುತ್ತದೆ. ಅದು ಹೋಗಲಿ ಅಂದರೂ ಆ ಗಾಡಿಯ ಬ್ರೇಕು ಪೇಟೆ ಸುತ್ತುವುದಕ್ಕೆ ಮಾಡಿದ್ದು. ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಜೋರಾಗಿ ಒತ್ತು, ಬ್ರೇಕ್ ಆಯಿಲ್ ಕುದಿದು ಪೆಡಲ್ಲು ನೆಲ ಮುಟ್ಟುತ್ತದೆ. ಗೋಡೆಗೆ ಗುದ್ದಿದ ಮೇಲೆ ಭಾವನಿಗೆ ಡಿಕ್ಕಿಯ ಚಿಂತೆಯೂ ಇರುವುದಿಲ್ಲ.

ಬೇರೆ ನೋಡು, ಅವಸರ ಏನಿದೆ? ಹಡಗು ರಿಪೇರಿಗೆ ನಿಂತಿದೆ, ಅದಕ್ಕೇ ನಿನ್ನ ಪತ್ರ ಬೇಗ ಕೈಸೇರಿತು. ಬಂದರಿನಲ್ಲಿರುವ ಹಡಗು ಏಜೆಂಟರ ಆಫೀಸಿನ ವಿಳಾಸಕ್ಕೇ ಬರೆಯುತ್ತಿರು. ನಾನು ಚೆನ್ನಾಗಿದ್ದೇನೆ, ಕೂತು ಕೂತು ಸ್ವಲ್ಪ ಮೈ ಬಂದಿದೆ ಅಷ್ಟೆ.

ನಿನ್ನ ತಮ್ಮ


ಫೆಬ್ರವರಿ ೬

ಸ್ಪ್ಯಾನರ್,

ನಿನ್ನ ಕಾಗದ ಬರುವಷ್ಟರಲ್ಲಿ ಕೆಂಪು ಕಾರು ಯಾರದೋ ಪಾಲಾಯಿತು. ಕೊಂಡವನು ನನ್ನೆದುರಿಗೇ ಹಾರನ್ ಹೊಡೆದುಕೊಂಡು ಹೋದ. ಹೊಟ್ಟೆ ಉರಿಯಿತು. ಇರಲಿ, ನೀನು ಹೇಳಿದ ಬ್ರೇಕಿನ ಮಾತು ಸರಿ ಅಂತ ಸಮಾಧಾನ ಮಾಡಿಕೊಂಡೆ.

ಈಗ ಬೂದು ಬಣ್ಣದ ಸೆಡಾನ್. ಎಳೆಯುವುದು ಹಿಂದಿನ ಚಕ್ರ. ಬ್ರೇಕು ತಟ್ಟೆಯಷ್ಟು ಅಗಲ, ನಾನೇ ಚಕ್ರ ಬಿಚ್ಚಿಸಿ ನೋಡಿದೆ. ಪ್ರಿಂಟಿಂಗ್ ಪ್ರೆಸ್ಸಿನವನದು, ಸರ್ವಿಸಿನ ಚೀಟಿಗಳನ್ನೆಲ್ಲ ಜೋಡಿಸಿ ಇಟ್ಟಿದ್ದಾನೆ. ತಿರುವಿನಲ್ಲಿ ಬಾಗದೆ ಕೂತ ಹಾಗೇ ತಿರುಗುತ್ತದೆ. ಕ್ಲಚ್ಚು ಮಾತ್ರ ಸ್ವಲ್ಪ ಗಟ್ಟಿ. ನನಗೆ ಸಂಜೆ ಹೊತ್ತಿಗೆ ಕಾಲು ನೋಯಬಹುದು, ನಿನಗೇನು? ನೀನು ಬಲಗಾಲೊಂದರಲ್ಲೇ ಬ್ರೇಕೂ ಆಕ್ಸಿಲರೇಟರೂ ಒತ್ತಿ, ಎಡಗಾಲಲ್ಲಿ ಕ್ಲಚ್ ಮುಟ್ಟಿಯೂ ಮುಟ್ಟದ ಹಾಗೆ ಗೇರ್ ಇಳಿಸುವುದನ್ನು ನೋಡುವುದೇ ಒಂದು ಸುಖ. ಪರೀಕ್ಷಕಿಯಾಗಿ ಸಾವಿರಾರು ಕಾಲುಗಳನ್ನು ನೋಡಿದ್ದೇನೆ, ಅಂಥ ಎಡಗಾಲು ಇನ್ನೊಂದು ನೋಡಿಲ್ಲ. ಆಗಸ್ಟಿನಲ್ಲಿ ಅದನ್ನು ನನಗೆ ಕಲಿಸಬೇಕು. ಬೇರೆ ಏನೂ ಬೇಡ, ಅದೊಂದು ಕಲಿಸು.

ಮಾರುವವನು ತಿಂಗಳ ಕೊನೆಯವರೆಗೆ ಕಾಯುತ್ತಾನೆ. ಹೂಂ ಅನ್ನು.

ಅಕ್ಕ


ಫೆಬ್ರವರಿ ೧೭

ಅಕ್ಕಾ,

ಬೂದು ಕಾರೂ ಬೇಡ. ಕ್ಲಚ್ಚು ಗಟ್ಟಿ ಅಂದೆಯಲ್ಲ, ಪ್ಲೇಟು ಸವೆದಿದೆ ಅಂತಲೇ ಅರ್ಥ. ಟೈರಿನ ಅಳತೆ ನೋಡಿದೆಯಾ? ಆ ಅಳತೆ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಒಂದು ದಿನದ ಟ್ರ್ಯಾಕಿಗೆ ಹಿಂದಿನ ಎರಡು ಟೈರು ಬೋಳಾಗುತ್ತವೆ. ಮಳೆ ಬಂದರೆ ಹಿಂದಿನ ಚಕ್ರದ ಗಾಡಿ ಬುಗುರಿ ಆಡಿದ ಹಾಗೆ ಆಡುತ್ತದೆ. ಮೊದಲ ಸಲಕ್ಕೆ ಅಷ್ಟು ಸಾಹಸ ಯಾಕೆ?

ನನ್ನದೊಂದು ಯೋಚನೆ. ಆಟೋಮ್ಯಾಟಿಕ್ ಯಾಕೆ ನೋಡಬಾರದು? ಈಗಿನವು ಪರವಾಗಿಲ್ಲ. ನಿನಗೂ ಕಚೇರಿಗೆ ಹೋಗಿಬರಲು ಆರಾಮ. ಗೇರಿನ ಗೊಡವೆ ಇಲ್ಲದಿದ್ದರೆ ತಿರುವಿನ ಮೇಲೆ ಗಮನ ಇಡಬಹುದು. ಕಾಲಿನ ಕೆಲಸ ಕಲಿಯುವುದೆಲ್ಲ ಆಮೇಲೆ ನೋಡೋಣ.

ಹಡಗಿನ ಕೆಲಸ ಇನ್ನೂ ಮುಗಿದಿಲ್ಲ.

ತಮ್ಮ


ಮಾರ್ಚ್ ೩

ಸ್ಪ್ಯಾನರ್,

ನನಗೆ ತಲೆ ಚಿಟ್ಟು ಹಿಡಿದಿದೆ. ಸಮಾಧಾನದಿಂದ ಬರೆಯಬೇಕೆಂದು ಎರಡು ದಿನ ಕಾದೆ, ಸಮಾಧಾನ ಬರಲಿಲ್ಲ.

ನಿನ್ನ ಮಾತಿಗೆ ಬೆಲೆ ಕೊಟ್ಟು ಆಟೋಮ್ಯಾಟಿಕ್ ನೋಡಲು ಹೋದೆ. ಷೋರೂಮಿನ ಹುಡುಗಿ ಒಂದೂವರೆ ಟನ್ನಿನ ಸೋಫಾ ಒಂದನ್ನು ಹೊರಗೆ ತಂದಳು. ಒತ್ತುತ್ತೇನೆ, ಅದು ಯೋಚನೆ ಮಾಡುತ್ತದೆ. ತಿರುವು ಮುಗಿದ ಮೇಲೆ ಅದಕ್ಕೆ ಜ್ಞಾನೋದಯವಾಗಿ ಗೇರ್ ಇಳಿಸುತ್ತದೆ. ನಮ್ಮ ಕೈಗೆಟಕುವ ಆಟೋಮ್ಯಾಟಿಕ್ಕುಗಳೆಲ್ಲ ಇಂಥವೇ. ಹಗುರವಾದದ್ದು, ಚುರುಕಾದದ್ದು ಬೇಕೆಂದರೆ ಮನೆ ಮಾರಬೇಕು. ಕಾರಿನ ವಿಷಯ ನನಗಿಂತ ಚೆನ್ನಾಗಿ ಬಲ್ಲವನು ನೀನು. ಇದು ನಿನಗೆ ಗೊತ್ತಿಲ್ಲ ಅಂದರೆ ನಾನು ನಂಬಬೇಕಾ? ಹತ್ತು ವರ್ಷದ ಹಿಂದೆ ಆಟೋಮ್ಯಾಟಿಕ್ ಓಡಿಸುವವರನ್ನು "ಲಿಫ್ಟಿನಲ್ಲಿ ಗುಂಡಿ ಒತ್ತುವವರು" ಅಂತ ಆಡಿಕೊಂಡವನು ನೀನೇ.

ನಾನು ಯಾವ ಕಾರು ತೋರಿಸಿದರೂ ಮೊಸರಲ್ಲಿ ಕಲ್ಲು ಹುಡುಕುತ್ತೀಯ. ಬರಲು ಮನಸ್ಸಿಲ್ಲವೋ, ಅಕ್ಕನ ಜೊತೆ ಓಡಿಸುವುದು ಬೇಜಾರೋ, ನಾನು ಪಕ್ಕದಲ್ಲಿ ನಿಂತು ತಪ್ಪು ಎಣಿಸುತ್ತೇನೆ ಅಂತ ಭಯವೋ? ಏನಾದರೂ ಇರಲಿ, ಹೇಳಿಬಿಡು. ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ಕೊನೆಯ ಸಲ ಕೇಳುತ್ತೇನೆ. ಬಿಳಿ ಬಣ್ಣದ ಎರಡು ಬಾಗಿಲಿನ ಕಾರು ಒಂದಿದೆ. ಇರುವುದೇ ಎರಡು ಸೀಟು. ಬ್ರೇಕು ಸರಿಯಿದೆ, ಟೈರಿನ ಅಳತೆ ಎಲ್ಲ ಕಡೆ ಸಿಗುವಂಥದ್ದು, ಮುಂದಿನ ಚಕ್ರವೇ ಎಳೆಯುವುದು, ಕ್ಲಚ್ಚು ಹೊಸದು. ನಿನ್ನ ಆಕ್ಷೇಪಣೆಗಳಿಗೆಲ್ಲ ಉತ್ತರ ಇಟ್ಟುಕೊಂಡೇ ಹುಡುಕಿದ್ದು. ಬೇಕೋ ಬೇಡವೋ, ಬರುತ್ತೀಯೋ ಇಲ್ಲವೋ?

ಅಕ್ಕ


ಮಾರ್ಚ್ ೨೯

ತಮ್ಮನಿಗೆ,

ಉತ್ತರ ಬರಲಿಲ್ಲ. ಹಡಗು ದಡದಲ್ಲೇ ಇದೆ ಅನ್ನುತ್ತೀಯ, ಏಜೆಂಟರ ಆಫೀಸು ಎರಡು ಹೆಜ್ಜೆ. ಹಾಗಾದರೆ ಬರೆಯಲು ಇಷ್ಟವಿಲ್ಲ ಅಂತ ತಿಳಿದುಕೊಂಡೆ.

ಬಿಳಿ ಕಾರು ನಾನೇ ಕೊಂಡೆ. ನನ್ನೊಬ್ಬಳಿಗೆ. ಕೊಂಡ ದಿನವೇ ಗ್ಯಾರೇಜಿಗೆ ಹೋಗಿ ಪಕ್ಕದ ಸೀಟು ಕಿತ್ತು ಹಾಕಿಸಿದೆ. ತೂಕ ಇಳಿಯಲಿ ಅಂತ ಗ್ಯಾರೇಜಿನ ಯಜಮಾನನಿಗೆ ಹೇಳಿದೆ. ನಿನಗೆ ನಿಜ ಹೇಳುತ್ತೇನೆ. ಆ ಖಾಲಿ ಸೀಟು ಕಣ್ಣಿಗೆ ಬಿದ್ದೊಡನೆ ನಿನ್ನ ಮೇಲೆ ಸಿಟ್ಟು ಬಂತು.

ಬೇರೆ ಯಾರಾದರೂ ಆಗಿದ್ದರೆ ಸೀಟು ಶೆಡ್ಡಿನಲ್ಲಿಟ್ಟು ಬಾಯಿ ಮುಚ್ಚಿಕೊಂಡು ಓಡಾಡುತ್ತಿದ್ದರು. ನನ್ನಿಂದಾಗುತ್ತದಾ? ನನ್ನದೇ ಕಚೇರಿಯಲ್ಲಿ ಕ್ಯೂ ನಿಂತು, ಅರ್ಜಿ ಹಾಕಿ, ತಪಾಸಣೆ ಮಾಡಿಸಿ, ನೋಂದಣಿಯಲ್ಲಿ "ಆಸನ: ಒಂದು" ಅಂತ ಬರೆಸಿಕೊಂಡು ಬಂದೆ. ಕೌಂಟರಿನಲ್ಲಿ ಕೂತವನು ನಕ್ಕ. "ಮೇಡಂ, ಯಾರೂ ಕೇಳ್ತಿರಲಿಲ್ಲ" ಅಂದ. "ಯಾರೂ ಕೇಳಲ್ಲ ಅಂತಲೇ ನಾನು ಕೇಳೋದು" ಅಂದೆ. ಈಗ ಅದರಲ್ಲಿ ಇನ್ನೊಬ್ಬರನ್ನು ಕೂರಿಸಿದರೆ ಕಾನೂನಿನ ಪ್ರಕಾರ ನನಗೇ ದಂಡ. ನಿನ್ನ ಭಾವ ಬಸ್ಸಿನಲ್ಲಿ ಓಡಾಡುತ್ತಿದ್ದಾರೆ, ಡಿಕ್ಕಿಯ ಪ್ರಶ್ನೆ ನಿಂತಿದೆ.

ಆಗಸ್ಟಿನಲ್ಲಿ ನೀನು ಬರುವುದಾದರೆ ಮನೆಗೆ ಬಾ. ಟ್ರ್ಯಾಕಿಗೆ ನಾನೊಬ್ಬಳೇ ಹೋಗುತ್ತೇನೆ.

ಅಕ್ಕ


ಏಪ್ರಿಲ್ ೨

ಅಕ್ಕಾ,

ನಿನ್ನ ಮಾರ್ಚ್ ಮೂರರ ಪತ್ರ ನನ್ನ ದಿಂಬಿನ ಕೆಳಗೇ ಇದೆ. ನಾಲ್ಕು ಸಲ ಬರೆಯಲು ಕೂತು ಹರಿದು ಹಾಕಿದೆ. ಇದನ್ನು ಹರಿಯದೆ ಹಾಗೇ ಅಂಚೆಗೆ ಹಾಕುತ್ತೇನೆ, ಅಕ್ಷರ ಕೆಟ್ಟಿದ್ದರೆ ಸಹಿಸಿಕೋ.

ಹಡಗು ರಿಪೇರಿಗೆ ನಿಂತಿಲ್ಲ. ಅದು ನವೆಂಬರಿನಲ್ಲೇ ನನ್ನನ್ನು ಇಳಿಸಿ ಹೋಯಿತು. ಇಂಜಿನ್ ರೂಮಿನಲ್ಲಿ ಪಂಪು ಎತ್ತುವಾಗ ಸರಪಳಿ ಜಾರಿ ಅದು ಎಡಗಾಲಿನ ಹರಡಿನ ಗಂಟಿನ ಮೇಲೆ ಬಿತ್ತು. ಮೂರು ಸಲ ಕೊಯ್ದರು. ಈಗ ಕಾಲು ಇದೆ, ನಡೆಯುತ್ತೇನೆ, ಆದರೆ ಹರಡು ಮಡಚುವುದಿಲ್ಲ. ಒಳಗೆ ಲೋಹದ ಪಟ್ಟಿ ಕೂರಿಸಿ ಜಾಯಿಂಟನ್ನೇ ಬೆಸೆದಿದ್ದಾರೆ. ಇನ್ನು ಯಾವತ್ತೂ ಮಡಚುವುದಿಲ್ಲವಂತೆ. ಬಂದರಿನ ಹಾಸ್ಟೆಲ್ಲಿನಲ್ಲಿ ಇದ್ದೇನೆ, ಏಜೆಂಟರ ಗೋದಾಮಿನಲ್ಲಿ ಬಿಡಿಭಾಗ ನೋಡಿಕೊಳ್ಳುವ ಕೆಲಸ ಕೊಟ್ಟಿದ್ದಾರೆ.

ಕ್ಲಚ್ ಒತ್ತಲಾರೆ ಅಕ್ಕಾ. ಕೆಂಪು ಕಾರು ಒಳ್ಳೆಯ ಕಾರೇ ಆಗಿತ್ತು. ಬೂದು ಕಾರು ಅದಕ್ಕಿಂತ ಒಳ್ಳೆಯದಿತ್ತು. ನೀನು ಅದರ ಬ್ರೇಕಿನ ವಿಷಯ ಬರೆದಾಗ ನನಗೆ ಬಾಯಲ್ಲಿ ನೀರೂರಿತು, ಅದಕ್ಕೇ ಟೈರಿನ ಮೇಲೆ ಅಷ್ಟು ಕೆಟ್ಟದಾಗಿ ಬರೆದೆ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ನಿನಗೆ ಹೇಳಿದರೆ ಅಕ್ಕನಿಗೆ ಹೇಳಿದ ಹಾಗೆ ಆಗುತ್ತಿರಲಿಲ್ಲ, ಪರೀಕ್ಷಕಿಗೆ ಹೇಳಿದ ಹಾಗಾಗುತ್ತಿತ್ತು. ನೀನು ಓದಿದ ಕೂಡಲೇ ನನ್ನ ಲೈಸೆನ್ಸ್ ಮುಗಿಯಿತು ಅಂತ ಅನ್ನಿಸಿತು. ಆಟೋಮ್ಯಾಟಿಕ್ ಒಂದು ಸಿಕ್ಕಿಬಿಟ್ಟರೆ ಯಾರಿಗೂ ಏನೂ ಹೇಳದೆ ಆಗಸ್ಟ್ ದಾಟಬಹುದು ಅಂತ ಲೆಕ್ಕ ಹಾಕಿದ್ದೆ.

ಬಿಳಿ ಕಾರು ತಗೋ. ಚಿಂತೆ ಬೇಡ. ನೀನು ಓಡಿಸು, ನಾನು ಪಕ್ಕದಲ್ಲಿ ಕೂತು ಗಡಿಯಾರ ಹಿಡಿಯುತ್ತೇನೆ, ಯಾವ ತಿರುವಿಗೆ ಯಾವ ಗೇರು ಅಂತ ಹೇಳುತ್ತೇನೆ. ನನಗೆ ಅಷ್ಟು ಸಾಕು.

ತಮ್ಮ


ಏಪ್ರಿಲ್ ೧೪

ಅಕ್ಕಾ,

ನಿನ್ನ ಇಪ್ಪತ್ತೊಂಬತ್ತರ ಪತ್ರ ಬಂತು. ನನ್ನದು ಅಷ್ಟರಲ್ಲಿ ಹೊರಟುಹೋಗಿತ್ತು.

ಒಂದೇ ಸೀಟು. ತೂಕದ ದೃಷ್ಟಿಯಿಂದ ಸರಿಯಾದ ಕೆಲಸ. ಸೀಟು ಕಿತ್ತ ಜಾಗದಲ್ಲಿ ಬೋಲ್ಟಿನ ತೂತುಗಳನ್ನು ಮುಚ್ಚಿಸು, ಇಲ್ಲದಿದ್ದರೆ ನೀರು ಬಂದು ತುಕ್ಕು ಹಿಡಿಯುತ್ತದೆ.

ತಮ್ಮ


ಮೇ ೫

ಅಕ್ಕಾ, ಎರಡೂ ಪತ್ರ ತಲುಪಿದವಾ? ಬೈದಾದರೂ ಬರೆ. ಫೋನ್ ಮಾಡಿದರೆ ಭಾವ ಎತ್ತಿ "ಅವಳು ಗ್ಯಾರೇಜಿಗೆ ಹೋಗಿದ್ದಾಳೆ" ಅನ್ನುತ್ತಾರೆ. ಪ್ರತಿ ಸಲವೂ ಗ್ಯಾರೇಜಾ? ನನ್ನ ಹತ್ತಿರ ಮಾತು ಬಿಟ್ಟಿದ್ದರೆ ಅದನ್ನಾದರೂ ಹೇಳು.


ಮೇ ೧೧

ಸ್ಪ್ಯಾನರ್,

ಬಿಟ್ಟಿಲ್ಲ. ಬೈಯಲು ಪದ ಹುಡುಕುತ್ತಿದ್ದೆ.

ನಿನ್ನ ಪತ್ರ ಓದಿ ಅಡುಗೆಮನೆಯ ನೆಲದ ಮೇಲೆ ಕೂತೆ. ಅತ್ತದ್ದು ನಿಜ, ಆದರೆ ಅದರ ಎರಡರಷ್ಟು ಸಿಟ್ಟು ಬಂತು. ನವೆಂಬರಿನಿಂದ ನೀನು ಆಸ್ಪತ್ರೆಯಲ್ಲಿ, ನಾನಿಲ್ಲಿ ಕಾರಿನ ಬಣ್ಣ ವರ್ಣಿಸಿಕೊಂಡು, ನಿನ್ನ ಎಡಗಾಲನ್ನು ಹೊಗಳಿಕೊಂಡು! ಆ ಪತ್ರ ಓದುವಾಗ ನಿನಗೆ ಹೇಗಾಗಿರಬೇಕು ಅಂತ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮೂರು ಸಲ ಕೊಯ್ದರಂತೆ, ಒಂದು ಸಲವೂ ಅಕ್ಕ ಬೇಡವಾಯಿತೇನೋ ನಿನಗೆ?

ಪರೀಕ್ಷಕಿಗೆ ಹೆದರಿದೆ ಅಂದೆ. ಹೆದರುವ ಮೊದಲು ಒಂದು ಮಾತು ಕೇಳಬಹುದಿತ್ತು. ನಮ್ಮ ಕಚೇರಿಯ ಪರೀಕ್ಷೆಯ ಅಂಗಳಕ್ಕೆ ಒಂದು ಕಾಲಿಲ್ಲದವರು, ಕಾಲು ಮಡಚದವರು, ತಮಗೆ ಬೇಕಾದ ಹಾಗೆ ಮಾಡಿಸಿಕೊಂಡ ಗಾಡಿ ತಂದು ಪರೀಕ್ಷೆ ಕೊಡುತ್ತಾರೆ. ಹೋದ ವರ್ಷ ಒಬ್ಬ ಟೈಲರಮ್ಮ ಬಂದಿದ್ದಳು, ಕ್ಲಚ್ಚು ಕೈಯಲ್ಲಿ. ರಿವರ್ಸ್ ಹೊಡೆದಳು ನೋಡು, ಗೆರೆ ಎಳೆದ ಹಾಗೆ. ನಾನೇ ಪಾಸು ಮಾಡಿದೆ. ನಿನ್ನನ್ನು ಮಾತ್ರ ಫೇಲು ಮಾಡುತ್ತೇನೆ ಅಂತ ಯಾವ ಧೈರ್ಯದ ಮೇಲೆ ತೀರ್ಮಾನಿಸಿದೆ?

ಸೀಟು ವಾಪಸು ಹಾಕಿಸಲು ಹೋದದ್ದು ನಿಜ. ಕೌಂಟರಿನವನು ಈ ಸಲ ಜೋರಾಗಿಯೇ ನಕ್ಕ. ಮತ್ತೆ ಅರ್ಜಿ, ಮತ್ತೆ ತಪಾಸಣೆ. ಅರ್ಜಿಯನ್ನು ಅರ್ಧ ತುಂಬಿದವಳು ನಿಲ್ಲಿಸಿದೆ. ಪಕ್ಕದ ಸೀಟು ಏನೆಂದು ನನ್ನಷ್ಟು ಗೊತ್ತಿರುವವರು ಯಾರಿದ್ದಾರೆ? ಇಪ್ಪತ್ತು ವರ್ಷ ಅಲ್ಲೇ ಕೂತು, ಬೇರೆಯವರ ಕೈಕಾಲು ನೋಡುತ್ತ, ನನ್ನ ಕಾಲಡಿಯ ಖಾಲಿ ನೆಲವನ್ನು ಬ್ರೇಕೆಂದು ಒತ್ತುತ್ತ ಬಂದಿದ್ದೇನೆ. ನನಗೆ ಅದರಿಂದ ಬಿಡುಗಡೆ ಬೇಕು ಅಂತ ಕಾರು ಕೊಂಡೆ. ನಿನ್ನನ್ನು ತಂದು ಅಲ್ಲಿ ಕೂರಿಸಲಾ? ಆಗುವುದಿಲ್ಲ ಕಣೋ. ಅರ್ಜಿ ಹರಿದು ಬುಟ್ಟಿಗೆ ಹಾಕಿ, ಕ್ಲಚ್ಚು ಕೈಗೆ ತರಿಸಿಕೊಳ್ಳುವುದಕ್ಕೆ ಬೇರೆ ಅರ್ಜಿ ಕೇಳಿದೆ.

ಗೇರಿನ ಹಿಡಿಯ ಮೇಲೆ ಒಂದು ಗುಂಡಿ ಕೂರಿಸಿದ್ದಾರೆ. ಒತ್ತಿದರೆ ಪುಟ್ಟ ಮೋಟಾರೊಂದು ಕ್ಲಚ್ಚು ಎಳೆಯುತ್ತದೆ. ಬಿಟ್ಟರೆ ಬಿಡುತ್ತದೆ. ಪೆಡಲ್ಲು ಕಳಚಿಸಿಬಿಟ್ಟೆ, ಇದ್ದರೆ ನನ್ನ ಕಾಲು ಅಲ್ಲಿಗೇ ಹೋಗುತ್ತಿತ್ತು. ಎಲ್ಲವೂ ನೋಂದಣಿಯಲ್ಲಿ ಬರೆಸಿ ಆಗಿದೆ. ಟ್ರ್ಯಾಕಿನವರೂ ಗಾಡಿ ನೋಡಿ ಒಪ್ಪಿದರು.

ಆದರೆ ದರಿದ್ರದ ಗುಂಡಿ! ನನಗೆ ಬರುತ್ತಲೇ ಇಲ್ಲ. ನಿನ್ನೆ ಸಿಗ್ನಲ್ಲಿನಲ್ಲಿ ಮೂರು ಸಲ ಇಂಜಿನ್ ಆಫಾಯಿತು. ಹಿಂದೆ ಇದ್ದವನು ನಾನು ಹೋದ ತಿಂಗಳಷ್ಟೇ ಫೇಲು ಮಾಡಿದ ಹುಡುಗ. ಗುರುತು ಹಿಡಿದು ಹಲ್ಲು ಕಿಸಿದ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಕಲಿಯೋಣವೆಂದರೆ ಸೀಟೇ ಇಲ್ಲ. ಇದು ನಿನ್ನ ಸುಳ್ಳಿಗೆ ನನಗೆ ಬಿದ್ದ ಶಿಕ್ಷೆ ಅಂದುಕೊಂಡಿದ್ದೇನೆ.

ನಿನ್ನ ಲೈಸೆನ್ಸಿಗೆ ಹೊಸ ಪರೀಕ್ಷೆ ಕೊಡಬೇಕು. ನಾನು ತೆಗೆದುಕೊಳ್ಳುವ ಹಾಗಿಲ್ಲ, ಸಂಬಂಧಿಕರಿಗೆ ನಿಷೇಧ. ಬೇರೆಯವರು ತೆಗೆದುಕೊಳ್ಳುತ್ತಾರೆ, ಈ ಕಾರಿನಲ್ಲಿ ಪಕ್ಕದ ಸೀಟಿಲ್ಲದ್ದರಿಂದ ಅಂಗಳದಲ್ಲಿ ನಿಂತೇ ನೋಡುತ್ತಾರೆ. ಅವರು ನನಗಿಂತ ಕಟ್ಟುನಿಟ್ಟು, ಫೇಲಾದರೂ ಆಗಬಹುದು. ಹೊಸಬರ ದಿನಕ್ಕೆ ಇಬ್ಬರ ಹೆಸರೂ ಕೊಟ್ಟಿದ್ದೇನೆ. ಒಬ್ಬರು ಓಡಿಸುವಾಗ ಇನ್ನೊಬ್ಬರು ಬೇಲಿಯ ಹತ್ತಿರ ನಿಲ್ಲಬೇಕು.

ಬರದಿದ್ದರೆ ಬರುವುದಿಲ್ಲ ಅಂತ ಬರೆ. ಕಾರಿನ ಮೇಲೆ ತಪ್ಪು ಹೊರಿಸಬೇಡ.

ಅಕ್ಕ


ಮೇ ೨೨

ಅಕ್ಕಾ,

ಓದಿ ಮೊದಲು ಸಿಟ್ಟು ಬಂತು. ಯಾರನ್ನು ಕೇಳಿ ಪೆಡಲ್ ಕಿತ್ತೆ ಅಂತ ಹಾಸ್ಟೆಲ್ಲಿನ ರೂಮಿನಲ್ಲಿ ಒಬ್ಬನೇ ಕೂಗಾಡಿದೆ. ಪಕ್ಕದ ರೂಮಿನ ಅಡುಗೆಯವನು ಬಂದು "ಏನಾಯ್ತು?" ಅಂದ. "ನಮ್ಮಕ್ಕ ಒಳ್ಳೇ ಕಾರು ಹಾಳು ಮಾಡಿದ್ದಾಳೆ" ಅಂದೆ. ಅವನು ಅಯ್ಯೋ ಪಾಪ ಅಂತ ಹೋದ.

ಸಂಜೆ ಮತ್ತೆ ಓದಿದೆ. ಆ ಗುಂಡಿ ಗೇರಿನ ಹಿಡಿಯ ನೆತ್ತಿಯ ಮೇಲಿದೆಯಾ, ಮುಂದೆ ಬೆರಳು ತಾಕುವ ಕಡೆ ಇದೆಯಾ? ನೆತ್ತಿಯ ಮೇಲಿದ್ದರೆ ತಪ್ಪು, ಗೇರ್ ಹಾಕುವಾಗ ಅಂಗೈ ಜಾರಿ ಗುಂಡಿ ಬಿಟ್ಟುಹೋಗುತ್ತದೆ, ಕ್ಲಚ್ಚು ಥಟ್ಟನೆ ಕಚ್ಚಿಕೊಂಡು ಇಂಜಿನ್ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ನಿನಗೆ ಆಗುತ್ತಿರುವುದು ಅದೇ ಇರಬೇಕು. ಮುಂದಕ್ಕೆ ತರಿಸು. ಮೋಟಾರು ಬಿಡುವ ವೇಗ ನಿಧಾನ ಮಾಡುವ ಒಂದು ತಿರುಪು ಇರುತ್ತದೆ, ಅರ್ಧ ಸುತ್ತು ಬಿಗಿ ಮಾಡಲು ಹೇಳು. ಯಜಮಾನನಿಗೆ ಗೊತ್ತಾಗದಿದ್ದರೆ ನಾನು ಬಂದು ನೋಡುತ್ತೇನೆ. ಈ ಆಕ್ಷೇಪಣೆಗಳೆಲ್ಲ ನಿಜವಾದವು, ನೀನೇ ಪರೀಕ್ಷಿಸಿ ನೋಡು.

ಆಸ್ಪತ್ರೆಗೆ ನಿನ್ನನ್ನು ಕರೆಯದೆ ಇದ್ದದ್ದಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ನೀನು ಬಂದು ಮಂಚದ ಪಕ್ಕ ಕೂತರೆ ಎಲ್ಲ ನಿಜವಾಗಿಬಿಡುತ್ತದೆ ಅಂತ ಅಂಜಿಕೆ ಆಗಿತ್ತು. ಅಷ್ಟೇ ಅಕ್ಕಾ, ಬೇರೆ ದೊಡ್ಡ ಕಾರಣ ಇಲ್ಲ.

ಜುಲೈ ಕೊನೆಗೆ ಬರುತ್ತೇನೆ. ಪರೀಕ್ಷೆ ಕೊಡುತ್ತೇನೆ. ಫೇಲಾದರೆ ಮತ್ತೆ ಕೊಡುತ್ತೇನೆ. ಆಗಸ್ಟಿನ ಹೊತ್ತಿಗೆ ಲೈಸೆನ್ಸ್ ಕೈಗೆ ಬಾರದೆ ಹೋದರೆ ಬೇಲಿಯ ಹತ್ತಿರ ನಿಂತು ನಿನ್ನನ್ನು ನೋಡುತ್ತೇನೆ, ಆದರೆ ಹೊಟ್ಟೆಕಿಚ್ಚಿನಿಂದ ನೋಡುತ್ತೇನೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಬಂದರೆ ಮೊದಲ ಸರದಿ ನನಗೆ ಕೊಡು. ನಿನ್ನದು ನೋಡಿದ ಮೇಲೆ ಟ್ರ್ಯಾಕಿಗೆ ಇಳಿಯಲು ಧೈರ್ಯ ಸಾಲಲಿಕ್ಕಿಲ್ಲ.

ಪಕ್ಕದಲ್ಲಿ ಕೂತರೆ ಸಾಕು ಅಂತ ಬರೆದಿದ್ದೆನಲ್ಲ, ನಾನು ಹೇಳಿದ ಸುಳ್ಳುಗಳಲ್ಲಿ ಅದೇ ದೊಡ್ಡದು. ಸಾಕಾಗುವುದಿಲ್ಲ ಅಕ್ಕಾ. ನನಗೆ ಕಾರು ಓಡಿಸಬೇಕು.

ತಮ್ಮ